ಜೀವಕೋಶದ ಜಮಾಖರ್ಚು

ಮನೆಯ ಯಜಮಾನನು ತಿಂಗಳ ಕೊನೆಗೆ ಜಮಾಖರ್ಚಿನ ಪುಸ್ತಕವನ್ನು ತೆರೆದು ಕುಳಿತುಕೊಳ್ಳುವುದನ್ನು ನೀವು ನೋಡಿರಬಹುದು. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂಬುದು ತಾಳೆಯಾಗುವವರೆಗೆ ಅವನಿಗೆ ಸಮಾಧಾನವಿಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಇಂಥದೇ ಒಂದು ಸಂಸಾರ. ಆಹಾರವನ್ನು ಒಳಗೆ ತಂದುಕೊಂಡು, ಅದರಿಂದ ಶಕ್ತಿಯನ್ನು ಪಡೆದು, ತನ್ನ ಮೈಯನ್ನು ಕಟ್ಟಿಕೊಂಡು, ಬೇಡವಾದುದನ್ನು ಹೊರಗೆ ಹಾಕುವ ಈ ವ್ಯವಹಾರಕ್ಕೆ ಚಯಾಪಚಯ ಕ್ರಿಯೆ ಎಂದು ಹೆಸರು.

ಈ ಸಂಸಾರಗಳಲ್ಲಿ ಮೆದುಳಿನದು ಬಲು ದುಬಾರಿ. ತೂಕದಲ್ಲಿ ಅದು ದೇಹದ ನೂರರಲ್ಲಿ 2 ಭಾಗ ಮಾತ್ರ; ಆದರೆ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಭಾಗ ಅದಕ್ಕೇ ಬೇಕು. ಅದರ ಮುಖ್ಯ ಆಹಾರ ಗ್ಲೂಕೋಸ್ ಎಂಬ ಸಕ್ಕರೆ. ಇಂಥ ಮೆದುಳಿನಲ್ಲಿ ಕ್ಯಾನ್ಸರ್ ಹುಟ್ಟಿದರೆ ಏನಾಗುತ್ತದೆ? ವಯಸ್ಕರ ಮೆದುಳಿನಲ್ಲಿಯೇ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವುದು ಗ್ಲಿಯೊಬ್ಲಾಸ್ಟೋಮ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಮೂರನ್ನೂ ಪಡೆದರೂ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಸುಮಾರು ಒಂದೂವರೆ ವರ್ಷದೊಳಗೆ ತೀರಿಕೊಳ್ಳುತ್ತಾರೆ.

1920ರ ದಶಕದಲ್ಲಿ ಬರ್ಲಿನ್ನಿನ ಆಟೋ ವಾರ್‌ಬರ್ಗ್ ಎಂಬ ವಿಜ್ಞಾನಿಯು ಒಂದು ವಿಚಿತ್ರವನ್ನು ಕಂಡನು. ಆಮ್ಲಜನಕವು ಸಾಕಷ್ಟು ಇದ್ದಾಗ ಆರೋಗ್ಯವಂತ ಕೋಶವು ಗ್ಲೂಕೋಸನ್ನು ಪೂರ್ಣವಾಗಿ ಉರಿಸುತ್ತದೆ. ಒಂದು ಗ್ಲೂಕೋಸ್ ಕಣದಿಂದ ಎಟಿಪಿ ಎಂಬ ಶಕ್ತಿಯ ನಾಣ್ಯಗಳು ಸುಮಾರು 30 ದೊರೆಯುತ್ತವೆ. ಕ್ಯಾನ್ಸರ್ ಕೋಶವಾದರೋ ಆಮ್ಲಜನಕವು ಪಕ್ಕದಲ್ಲಿಯೇ ಇದ್ದರೂ ಹೆಚ್ಚಿನ ಗ್ಲೂಕೋಸನ್ನು ಅರ್ಧಕ್ಕೆ ಮುರಿದು ಲ್ಯಾಕ್ಟಿಕ್ ಆಮ್ಲವಾಗಿ ಹೊರಗೆ ಚೆಲ್ಲುತ್ತದೆ. ಅದಕ್ಕೆ ಆ ದಾರಿಯಲ್ಲಿ ದಕ್ಕುವುದು ಎರಡೇ ನಾಣ್ಯ. ಕೋಶದ ಉಸಿರಾಟದ ಯಂತ್ರವು ಕೆಟ್ಟಿರುವುದೇ ಇದಕ್ಕೆ ಕಾರಣವೆಂದು ವಾರ್‌ಬರ್ಗ್ ನಂಬಿದನು. ಆದರೆ ಅನೇಕ ಗಡ್ಡೆಗಳಲ್ಲಿ ಆ ಯಂತ್ರವು ಸರಿಯಾಗಿಯೇ ಇರುವುದು ಆಮೇಲೆ ತಿಳಿದುಬಂದಿತು. ಹಾಗಾದರೆ ಈ ದುಂದುಗಾರಿಕೆ ಏಕೆ? ಬೆಳೆಯುವ ಕೋಶಕ್ಕೆ ಶಕ್ತಿಯೊಂದೇ ಸಾಲದು, ಮೈ ಕಟ್ಟಲು ಇಟ್ಟಿಗೆಗಳೂ ಬೇಕು. ಗ್ಲೂಕೋಸನ್ನು ಭರದಿಂದ ಮುರಿಯುವಾಗ ನಡುವೆ ಹುಟ್ಟುವ ಪದಾರ್ಥಗಳನ್ನು ಅದು ಇಟ್ಟಿಗೆಗಳನ್ನಾಗಿ ಎತ್ತಿಕೊಳ್ಳುತ್ತದೆ.

'ಸಕ್ಕರೆಯನ್ನೇ ನಿಲ್ಲಿಸಿಬಿಟ್ಟರೆ ಗಡ್ಡೆ ಸಾಯುವುದಿಲ್ಲವೆ?' ಎಂದು ನೀವು ಕೇಳಬಹುದು. ಮೆದುಳಿನಲ್ಲಿ ಇದು ಸಾಧ್ಯವಿಲ್ಲ. ವಿಕಿರಣದ ಗುರುತು ಹಚ್ಚಿದ ಗ್ಲೂಕೋಸಿನಂಥ ವಸ್ತುವನ್ನು ಕೊಟ್ಟು ಚಿತ್ರ ತೆಗೆದರೆ, ಬೇರೆ ಅನೇಕ ಅಂಗಗಳಲ್ಲಿ ಗಡ್ಡೆಯು ಎದ್ದು ಕಾಣುತ್ತದೆ; ಮೆದುಳಿನಲ್ಲಿ ಆರೋಗ್ಯವಂತ ಭಾಗವೂ ಅಷ್ಟೇ ಬೆಳಗುತ್ತದೆ. ಕಳ್ಳನೂ ಮನೆಯವನೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ. ಆದುದರಿಂದ ಇಬ್ಬರ ಜಮಾಖರ್ಚನ್ನೂ ಬೇರೆಬೇರೆಯಾಗಿ ಬರೆದು ನೋಡಬೇಕು.

ಈ ಕೆಲಸಕ್ಕೆ ಗಣಕಯಂತ್ರ ಬಂದಿದೆ. ಮನುಷ್ಯನ ಜೀವಕೋಶಗಳಲ್ಲಿ ನಡೆಯುವ 3,300ಕ್ಕೂ ಹೆಚ್ಚು ರಾಸಾಯನಿಕ ಕ್ರಿಯೆಗಳ ಪಟ್ಟಿಯನ್ನು 2007ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೊ ವಿಜ್ಞಾನಿಗಳು ಪ್ರಕಟಿಸಿದರು. 2018ರ ಪಟ್ಟಿಯಲ್ಲಿ ಅವು 13,000ವನ್ನು ಮೀರಿದವು. ಯಾವ ಕೋಶದಲ್ಲಿ ಯಾವ ಕಿಣ್ವಗಳು ಕೆಲಸ ಮಾಡುತ್ತಿವೆ ಎಂಬುದನ್ನು ನೋಡಿ, ಆ ಕೋಶಕ್ಕೆ ಸಂಬಂಧಿಸಿದ ಕ್ರಿಯೆಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಬಳಿಕ ಒಂದು ನಿಯಮ: ಕೋಶದೊಳಗೆ ಪ್ರತಿಯೊಂದು ಪದಾರ್ಥವೂ ಹುಟ್ಟಿದಷ್ಟೇ ಖರ್ಚಾಗಬೇಕು. ಹೀಗೆ ಸಾವಿರಾರು ಸಮೀಕರಣಗಳು ಸಿದ್ಧವಾಗುತ್ತವೆ. ಎರಡು ಅವ್ಯಕ್ತಗಳಿಗೆ ಒಂದೇ ಸಮೀಕರಣವಿದ್ದರೆ ಉತ್ತರಗಳು ಅನೇಕ ಎಂಬುದನ್ನು ನೀವು ಬೀಜಗಣಿತದಲ್ಲಿ ಕಲಿತಿದ್ದೀರಿ. (ಕನ್ನಡದ ಮೇಷ್ಟರಾದ ನನಗೂ ಅಷ್ಟು ನೆನಪಿದೆ.) ಇಲ್ಲಿಯೂ ಹಾಗೆಯೇ, ಸಮೀಕರಣಗಳಿಗಿಂತ ಅವ್ಯಕ್ತಗಳೇ ಹೆಚ್ಚು. ಆಗ ಕೋಶದ ಗುರಿ ಏನೆಂದು ಊಹಿಸಿ, ಅದನ್ನು ಅತ್ಯಂತ ಚೆನ್ನಾಗಿ ಸಾಧಿಸುವ ಉತ್ತರವನ್ನು ಗಣಕಯಂತ್ರದಿಂದ ಆರಿಸಬೇಕು.

ಕಷ್ಟವಿರುವುದು ಇಲ್ಲಿಯೇ. ಕ್ಯಾನ್ಸರ್ ಕೋಶದ ಗುರಿ ಬೆಳೆಯುವುದು; ಅದನ್ನು ಊಹಿಸಲು ಶ್ರಮವಿಲ್ಲ. ಆದರೆ ಬೆಳೆದು ನಿಂತ ನರಕೋಶವು ವಿಭಜನೆ ಹೊಂದುವುದಿಲ್ಲ. ಅದರ ಗುರಿ ಯಾವುದು? ಶಕ್ತಿಯನ್ನು ಕಾಯ್ದುಕೊಳ್ಳುವುದೆ, ಸುದ್ದಿಯನ್ನು ಮುಟ್ಟಿಸುವ ರಾಸಾಯನಿಕಗಳನ್ನು ತಯಾರಿಸುವುದೆ? ಅದು ಒಂಟಿಯಾಗಿ ಬಾಳುವುದೂ ಇಲ್ಲ. ನಕ್ಷತ್ರಾಕಾರದ ಆಸ್ಟ್ರೊಸೈಟ್ ಕೋಶಗಳು ಅದನ್ನು ಸುತ್ತುವರಿದು ಪೋಷಿಸುತ್ತವೆ. ಗ್ಲೂಕೋಸಿನಿಂದ ಲ್ಯಾಕ್ಟೇಟನ್ನು ಮಾಡಿ ಅವು ನರಕೋಶಕ್ಕೆ ಉಣಿಸುತ್ತವೆ ಎಂದು 1994ರಲ್ಲಿ ಪೆಲ್ಲರಿನ್ ಮತ್ತು ಮ್ಯಾಜಿಸ್ಟ್ರೆಟ್ಟಿ ಎಂಬವರು ಸೂಚಿಸಿದರು. ಅದರ ಮೇಲಿನ ವಾದವು ಇನ್ನೂ ಮುಗಿದಿಲ್ಲ. ಆದುದರಿಂದ ಆರೋಗ್ಯವಂತ ಮೆದುಳಿನ ಪುಸ್ತಕವನ್ನು ಬರೆಯುವುದು ಗಡ್ಡೆಯದನ್ನು ಬರೆಯುವುದಕ್ಕಿಂತ ಕಠಿಣ. ಆದರೆ ಅದಿಲ್ಲದಿದ್ದರೆ ಔಷಧವು ಕಳ್ಳನೊಡನೆ ಮನೆಯವನನ್ನೂ ಕೊಂದೀತು.

ಎರಡು ಪುಸ್ತಕಗಳೂ ಸಿದ್ಧವಾದ ಮೇಲೆ, ಒಂದೊಂದೇ ಕ್ರಿಯೆಯನ್ನು ಲೆಕ್ಕದಲ್ಲಿ ನಿಲ್ಲಿಸಿ ನೋಡುತ್ತಾರೆ. ಯಾವುದನ್ನು ಮುಚ್ಚಿದರೆ ಗಡ್ಡೆಯ ಬೆಳವಣಿಗೆ ನಿಂತು, ನರಕೋಶವು ಬೇರೊಂದು ದಾರಿಯಿಂದ ಬದುಕಿಕೊಳ್ಳುತ್ತದೆಯೋ ಅದೇ ಬೇಕಾದ ಕ್ರಿಯೆ. ಇದು ಬರಿಯ ಕನಸಲ್ಲ. ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರಿನಲ್ಲಿ ಫ್ಯೂಮರೇಟ್ ಹೈಡ್ರಟೇಸ್ ಎಂಬ ಕಿಣ್ವವೇ ಇರುವುದಿಲ್ಲ. ಅಂಥ ಕೋಶಗಳು ರಕ್ತದ ಕೆಂಪಿಗೆ ಕಾರಣವಾದ ಹೀಮ್ ಎಂಬ ವಸ್ತುವನ್ನು ಕಟ್ಟಿ ಒಡೆಯುವ ದಾರಿಯನ್ನು ನೆಚ್ಚಿಕೊಂಡಿವೆ ಎಂದು ಗಣಕಯಂತ್ರದ ಲೆಕ್ಕವು ಹೇಳಿತು. ಆ ದಾರಿಯನ್ನು ತಡೆದಾಗ ಆ ಕೋಶಗಳು ಬೆಳೆಯಲಾರದೆ ಹೋದವು, ಕಿಣ್ವವುಳ್ಳ ಕೋಶಗಳು ಉಳಿದವು ಎಂಬುದು 2011ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ಸಿದ್ಧವಾಯಿತು.

ಮೆದುಳಿನಲ್ಲಿ ಇನ್ನೊಂದು ತೊಡಕಿದೆ. ಒಂದೇ ಗಡ್ಡೆಯಲ್ಲಿ ಬಗೆಬಗೆಯ ಕೋಶಗಳಿರುತ್ತವೆ. ಒಂದರ ದಾರಿ ಮುಚ್ಚಿದರೆ ಮತ್ತೊಂದು ಬೆಳೆದೀತು. ರಕ್ತನಾಳಗಳ ಗೋಡೆಯೂ ಅಲ್ಲಿ ಕಾವಲುಗಾರನಂತೆ ನಿಂತು ಹೆಚ್ಚಿನ ಔಷಧಗಳನ್ನು ಒಳಗೆ ಬಿಡುವುದಿಲ್ಲ. ಗಣಕಯಂತ್ರವು ಸೂಚಿಸಿದ ಔಷಧವು ಆ ಕಾವಲನ್ನು ದಾಟಬಲ್ಲುದೆ ಎಂಬುದು ಜಮಾಖರ್ಚಿನ ಪುಸ್ತಕದಲ್ಲಿ ಇಲ್ಲ. ಅದನ್ನು ಪ್ರಯೋಗಶಾಲೆಯಲ್ಲಿಯೇ ನೋಡಬೇಕು.