ಪಂಪ್‌ಸೆಟ್ ಸ್ಟಾರ್ಟರ್: ವೈ-ಫೈಯದೋ, ಸಿಮ್ಮಿನದೋ?

ಫೋನಿನಿಂದ ಪಂಪ್‌ಸೆಟ್ ಚಾಲೂ ಮಾಡುವ ಸ್ಟಾರ್ಟರ್ ಕೊಳ್ಳುವ ರೈತರು ಕೆಲವು ಪದಗಳ ಅರ್ಥ ತಿಳಿದಿರುವುದು ಲೇಸು.

ವೈ-ಫೈ ಎಂದರೆ ಇಂಟರ್ನೆಟ್ ಅಲ್ಲ. ರೌಟರ್ ಎಂಬ ಪೆಟ್ಟಿಗೆಗೂ ಫೋನಿಗೂ ನಡುವಣ ತಂತಿಯಿಲ್ಲದ ಸಂಪರ್ಕ ಮಾತ್ರ. ಸುರಪುರ ತಾಲ್ಲೂಕಿನ ದೇವಾಪುರದ ಕಡೆಯ ರೈತರಿಗೆ ಇದು ಬೇಗ ತಿಳಿದೀತು. ಹೊಲಗಾಲುವೆ ನೆಟ್ಟಗಿದ್ದರೂ ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಡದಿದ್ದರೆ ಗದ್ದೆಗೆ ನೀರೆಲ್ಲಿಂದ? ಹಾಗೆಯೇ ಫೋನಿನಲ್ಲಿ ವೈ-ಫೈ ಗೆರೆಗಳು ತುಂಬಿದ್ದರೂ ರೌಟರಿಗೆ ಹೊರಗಿನ ಸಂಪರ್ಕವಿಲ್ಲದಿದ್ದರೆ ಇಂಟರ್ನೆಟ್ ಬಾರದು.

'ಬ್ಯಾಂಡ್' ಎಂದರೆ ರೇಡಿಯೋ ಅಲೆಗಳ ಪಟ್ಟಿ. 5 ಗಿಗಾಹರ್ಟ್ಸ್ ಬ್ಯಾಂಡು ವೇಗದ್ದು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ. 2.4 ಗಿಗಾಹರ್ಟ್ಸ್ ನಿಧಾನವಾದರೂ ಹೆಚ್ಚು ದೂರ ಮುಟ್ಟುತ್ತದೆ. ಎಷ್ಟೆಂದರೂ ಮನೆಯ ವೈ-ಫೈ ಮನೆಯ ಸುತ್ತಮುತ್ತಲಿಗಷ್ಟೇ. ದೂರದ ಹೊಲಕ್ಕೆ ಮುಟ್ಟದು.

ಹೊಲಕ್ಕೆ ಸಿಮ್ ಹಾಕುವ ಸ್ಟಾರ್ಟರೇ ತಕ್ಕದ್ದು. ಅದು 2ಜಿಯದೋ 4ಜಿಯದೋ ಕೇಳಿ ಕೊಳ್ಳಿರಿ. ಜಿಯೋದವರಿಗೆ 2ಜಿ ಜಾಲವಿಲ್ಲ. 2ಜಿ ಸ್ಟಾರ್ಟರಿಗೆ ಆ ಸಿಮ್ ಹಾಕಿದರೆ ಪ್ರಯೋಜನವಿಲ್ಲ. ಹಣ ಕೊಡುವ ಮುನ್ನ, ಹಾಕಬೇಕೆಂದಿರುವ ಕಂಪನಿಯ ಸಿಮ್ಮಿರುವ ಫೋನನ್ನು ಸ್ಟಾರ್ಟರ್ ಕೂಡಿಸುವ ಜಾಗದಲ್ಲೇ ಹಿಡಿದು ಸಿಗ್ನಲ್ ನೋಡಿರಿ. ದುರಸ್ತಿಗೆ ಕೈ ಹಾಕುವಾಗ ಮೇನ್ ಸ್ವಿಚ್ ಬಂದ್ ಮಾಡಿರಲೇಬೇಕು: ಮನೆಯಲ್ಲಿದ್ದವರು ತಿಳಿಯದೆ ಫೋನ್ ಒತ್ತಿದರೂ ಮೋಟಾರು ತಿರುಗುತ್ತದೆ.