ಉಳಿಸುವ ಮನಸ್ಸಿದೆ, ಉಳಿತಾಯ ಯಾಕಿಲ್ಲ?

ದುಡ್ಡು ಕೂಡಿಡುವುದು ಬೇಡ ಎನ್ನುವವರನ್ನು ನಾನು ಕಂಡಿದ್ದು ಕಡಿಮೆ. ಕೂಡಿಟ್ಟವರನ್ನು ಕಂಡಿದ್ದು ಇನ್ನೂ ಕಡಿಮೆ. ಇದಕ್ಕೆ ಮನಸ್ಸು ಗಟ್ಟಿಯಿಲ್ಲದ್ದೇ ಕಾರಣ ಎಂದು ಬುದ್ಧಿ ಹೇಳುವುದು ನಮ್ಮ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಅಮೆರಿಕದ ಕಂಪನಿಯೊಂದರ ನೌಕರರನ್ನು ಅರ್ಥಶಾಸ್ತ್ರಜ್ಞರಾದ ಡೇವಿಡ್ ಲೇಬ್ಸನ್, ಬ್ರಿಜಿಟ್ ಮೇಡ್ರಿಯನ್ ಮತ್ತು ಸಂಗಡಿಗರು ನಿವೃತ್ತಿ ಉಳಿತಾಯದ ಬಗ್ಗೆ ವಿಚಾರಿಸಿದ್ದರು. ಪ್ರತಿ 100 ಮಂದಿಯಲ್ಲಿ 68 ಮಂದಿ ತಮ್ಮ ಉಳಿತಾಯ ಸಾಲದು ಎಂದರು. ಅವರಲ್ಲಿ 24 ಮಂದಿ ಎರಡೇ ತಿಂಗಳಲ್ಲಿ ಹೆಚ್ಚಿಸುತ್ತೇವೆ ಎಂದರು. ನಾಲ್ಕು ತಿಂಗಳ ಲೆಕ್ಕ ತೆಗೆದು ನೋಡಿದಾಗ, ನಿಜಕ್ಕೂ ಹೆಚ್ಚಿಸಿದ್ದವರು 3 ಮಂದಿ. ಅವರ ಮಾತು ಸುಳ್ಳಲ್ಲ. ಮಾತಿಗೂ ಕೆಲಸಕ್ಕೂ ನಡುವೆ ತುಂಬಬೇಕಾದ ಒಂದು ಅರ್ಜಿಯಿತ್ತು, ಅದು ನಾಳೆಗೆ ಬಿತ್ತು.

ಅರ್ಜಿಗೆ ಅಷ್ಟು ಶಕ್ತಿಯೇ ಎನ್ನುವವರು 2001ರಲ್ಲಿ ಮೇಡ್ರಿಯನ್ ಮತ್ತು ಡೆನಿಸ್ ಶೇ ಪ್ರಕಟಿಸಿದ ಅಧ್ಯಯನ ನೋಡಬೇಕು. ಅವರು ನೋಡಿದ ಕಂಪನಿಯಲ್ಲಿ ಮೊದಲು ನಿವೃತ್ತಿ ಉಳಿತಾಯ ಯೋಜನೆಗೆ ಸೇರಲು ಅರ್ಜಿ ಕೊಡಬೇಕಿತ್ತು. ನಂತರ ಹೊಸಬರನ್ನು ಕಂಪನಿಯೇ ಸೇರಿಸಿಕೊಂಡು, ಬೇಡವಾದವರು ಮಾತ್ರ ಅರ್ಜಿ ಕೊಡುವಂತಾಯಿತು. ಸೇರಿದವರ ಪ್ರಮಾಣ ಶೇ 49ರಿಂದ ಶೇ 86ಕ್ಕೆ ಏರಿತು. ನಮ್ಮ ಪಿಎಫ್ ನಡೆಯುವುದೂ ಹೀಗೆಯೇ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 12 ಭಾಗ ಕೈಗೆ ಬರುವ ಮುನ್ನವೇ ಕಡಿತವಾಗುತ್ತದೆ. ಒಂದು ಆರ್‌ಡಿಯನ್ನೂ ವರ್ಷ ತುಂಬಿಸದವರ ಪಿಎಫ್ ಖಾತೆಯಲ್ಲಿ ಲಕ್ಷಗಳು ಸೇರಿರುವುದು ಇದರಿಂದಲೇ.

ಸಂಬಳವೇ ಸಾಲದವರಿಗೆ ಈ ಮಾತು ಯಾಕೆ ಎಂದು ಕೇಳಬಹುದು. ನಿಜ, ಬಾಡಿಗೆ, ಶಾಲೆ ಫೀಸು, ದಿನಸಿಗೇ ಎಲ್ಲ ಮುಗಿಯುವ ಮನೆಯಲ್ಲಿ ಯಾವ ವ್ಯವಸ್ಥೆಯೂ ದುಡ್ಡು ಹುಟ್ಟಿಸದು. ಆದರೆ ಮೇಡ್ರಿಯನ್ ಮತ್ತು ಶೇ ನೋಡಿದ ಕಂಪನಿಯಲ್ಲಿ ಬದಲಾದದ್ದು ಸಂಬಳವಲ್ಲ, ಸೇರುವ ಕ್ರಮ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ತಾನಾಗಿ ಆಗುವುದರಲ್ಲಿ ಜಡತನವೂ ಇದೆ. ಅದೇ ಕಂಪನಿಯಲ್ಲಿ ಅರ್ಜಿಯಿಲ್ಲದೆ ಸೇರಿದವರಲ್ಲಿ ಬಹಳಷ್ಟು ಮಂದಿ, ಕಂಪನಿ ಗೊತ್ತುಮಾಡಿದ್ದ ಸಂಬಳದ ಶೇ 3ರಲ್ಲೇ ನಿಂತುಬಿಟ್ಟರು. ನೋಡದಿದ್ದರೂ ಓಟಿಟಿ ಚಂದಾ ಕಡಿತವಾಗುತ್ತಲೇ ಇರುವುದೂ ಇದೇ ಜಡತನದಿಂದ. ಆದ್ದರಿಂದ ಮನಸ್ಸಿಗೆ ಕೆಲಸವಿಲ್ಲ ಎಂದಲ್ಲ. ಅದನ್ನು ತಿಂಗಳು ತಿಂಗಳೂ ಪರೀಕ್ಷೆಗೆ ಒಡ್ಡದೆ, ಮೊತ್ತ ನಿಗದಿ ಮಾಡುವ ಆ ಒಂದು ದಿನಕ್ಕೆ ಬಳಸಿಕೊಳ್ಳಬೇಕು. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ರೂಪಿಸಿದ ಇಂಥದೇ ಯೋಜನೆಯಲ್ಲಿ ನೌಕರರು, ಮುಂದೆ ಸಂಬಳ ಏರಿದಾಗಲೆಲ್ಲ ಉಳಿತಾಯವೂ ಏರಲಿ ಎಂದು ಮೊದಲೇ ಒಪ್ಪಿಕೊಂಡರು. ಮೊದಲು ಜಾರಿಗೆ ಬಂದ ಕಂಪನಿಯಲ್ಲಿ ಅವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಮುಟ್ಟಿತು. ಕೈಗೆ ಬರುವ ಸಂಬಳ ಇಳಿಯದ ಕಾರಣ ಹೆಚ್ಚಿನವರಿಗೆ ಅದು ಭಾರವೆನಿಸಲಿಲ್ಲ.

ನಮ್ಮಲ್ಲಿ ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಇನ್‌ಕ್ರಿಮೆಂಟ್ ಕೈಸೇರುವ ಮುನ್ನವೇ ವಿಪಿಎಫ್ (ನಾವೇ ಬಯಸಿ ಕಟ್ಟುವ ಹೆಚ್ಚುವರಿ ಪಿಎಫ್) ಹೆಚ್ಚಿಸುವಂತೆ ಅಕೌಂಟ್ಸ್ ವಿಭಾಗಕ್ಕೆ ಬರೆದುಕೊಡಿ. ಮ್ಯೂಚುವಲ್ ಫಂಡ್ ಎಸ್‌ಐಪಿ ಕಡಿತದ ದಿನಾಂಕ ತಿಂಗಳ ಕೊನೆಗೆ, 25 ಎಂದಿದ್ದರೆ, ಅದನ್ನು ಸಂಬಳ ಬಂದ ಮರುದಿನಕ್ಕೆ ಹಾಕಿಸಿ.