ಒಂದು ಅಂಕದ ಕಾದಂಬರಿಗಳು

ದೇವದುರ್ಗ, ಮಾನ್ವಿ ಕಡೆಯಿಂದ ರಾಯಚೂರಿಗೆ ಬಂದು, ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮ ಶ್ರಮದ ಬಗ್ಗೆ ನನಗೆ ಎರಡು ಮಾತಿಲ್ಲ. ‘ಕರ್ವಾಲೊ’ ಬರೆದವರು ಯಾರು ಎಂದರೆ ಪ್ರಶ್ನೆ ಮುಗಿಯುವ ಮೊದಲೇ ತೇಜಸ್ವಿ ಅನ್ನುತ್ತೀರಿ. 2016ರಲ್ಲಿ ನಮ್ಮೂರಲ್ಲೇ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಬರಗೂರು ರಾಮಚಂದ್ರಪ್ಪ ಅನ್ನುವುದೂ ನಾಲಿಗೆ ತುದಿಯಲ್ಲಿದೆ. ಆದರೆ ಕರ್ವಾಲೊದ ಆ ಹಾರುವ ಓತಿ ಕೊನೆಗೆ ಏನಾಯಿತಪಾ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೀರಿ.

ಕಾಡೆಲ್ಲ ಅಲೆದು ಹುಡುಕಿದ ಓತಿ ಇನ್ನೇನು ಕೈಗೆ ಸಿಕ್ಕೀತು ಅನ್ನುವಾಗ ಕಣಿವೆಗೆ ತೇಲಿಹೋಗುತ್ತದೆ. ಓದಿದಾಗ ನನಗೆ ಖುಷಿಯಾಗಿತ್ತು. ನನ್ನ ಗೆಳೆಯನಿಗೆ ಸಿಟ್ಟು ಬಂದಿತ್ತು. ಇಷ್ಟಕ್ಕೇನು ಅಷ್ಟು ಪುಟ ಓದಿಸಿದ್ದು ಎಂದು ರೇಗಿದ್ದ. ಇಬ್ಬರದೂ ಸರಿಯೇ. ಓದಿ ನಿನಗೆ ಏನನ್ನಿಸಿತು ಎಂಬ ಪ್ರಶ್ನೆ ಯಾವ ಗೈಡಿನಲ್ಲೂ ಇರುವುದಿಲ್ಲ, ಇದಕ್ಕೆ ಕೀ ಆನ್ಸರೂ ಬಿಡುವುದಿಲ್ಲ.

ನಾನು ಹೇಳುವುದು ಇಷ್ಟೇ. ಕತೆ ಓದಿ ಮುಗಿಸಿದ ಕೂಡಲೇ, ಮುನ್ನುಡಿಗೂ ವಿಮರ್ಶೆಗೂ ಕೈಹಾಕುವ ಮೊದಲು, ನಿಮಗೆ ಏನನ್ನಿಸಿತೋ ಅದನ್ನು ನಾಲ್ಕು ಸಾಲು ಬರೆದಿಡಿ. ಬೇಸರ ಬಂದಿದ್ದರೆ ಬೇಸರ ಬಂತು ಎಂದೇ ಬರೆಯಿರಿ. ದೊಡ್ಡವರು ಬರೆದದ್ದು, ಪ್ರಶಸ್ತಿ ಬಂದದ್ದು ಎಂದು ಸುಮ್ಮನೆ ತಲೆಯಾಡಿಸಬೇಡಿ.

ಒಂದೇ ಬಗೆಯದನ್ನು ಓದಿದರೆ ನಿಮ್ಮ ರುಚಿ ನಿಮಗೇ ತಿಳಿಯುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಫ್ಯಾನು ಬಿಸಿಗಾಳಿ ಉಗುಳುತ್ತಿರುವಾಗ, ‘ಮಲೆಗಳಲ್ಲಿ ಮದುಮಗಳು’ ತೆಗೆಯಿರಿ. ಜನ ಬಹಳ, ಹೆಸರು ನೆನಪಿರುವುದಿಲ್ಲ, ಆ ಕಾಡು, ಜಿಗಣೆ, ಮಳೆ ಯಾವುದೂ ನಮ್ಮದಲ್ಲ. ಆದರೂ ಗುತ್ತಿಯ ಹಿಂದೆ ಹೊರಟ ಹುಲಿಯ ಎಂಬ ನಾಯಿಯನ್ನು ಬಿಡಬೇಡಿ, ಕೊನೆಯವರೆಗೆ ಹೋಗಿ. ನೆರೆಬಂದ ಹೊಳೆಯಲ್ಲಿ ಅದು ಕೊಚ್ಚಿಹೋದಾಗ ನಾನು ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತಿದ್ದೆ. ಆ ಕಾದಂಬರಿಯ ಯಾವ ಮನುಷ್ಯನಿಗೂ ನಾನು ಅಷ್ಟು ಮರುಗಿಲ್ಲ.

‘ಕುಸುಮಬಾಲೆ’ ಬೇರೆ ಥರದ್ದು. ಅದು ಚಾಮರಾಜನಗರದ ಕಡೆಯ ಮಾತು. ಕಣ್ಣಲ್ಲಿ ಓದಿದರೆ ನಮಗೆ ಹತ್ತುವುದಿಲ್ಲ. ಬಾಯಿಬಿಟ್ಟು ಓದಿ, ಹಾಡಿದಂತೆ ಬರುತ್ತದೆ. ತ್ರಿವೇಣಿಯವರ ‘ಶರಪಂಜರ’ದ ಮಾತು ಸಲೀಸು, ಹೊಟ್ಟೆಗೆ ಬೀಳುವ ಸಂಕಟ ಮಾತ್ರ ಸಲೀಸಲ್ಲ. ಕಾಯಿಲೆ ವಾಸಿಯಾಗಿ ಬಂದ ಕಾವೇರಿಯನ್ನು ಮನೆಯವರೇ ಹುಚ್ಚಿಯಂತೆ ನೋಡುತ್ತಾರಲ್ಲ, ಅಲ್ಲಿ ನಿಮಗೆ ಯಾರ ಮೇಲೆ ಸಿಟ್ಟು ಬಂತು, ಬರೆಯಿರಿ. ಭೈರಪ್ಪನವರ ‘ಪರ್ವ’ ಓದುವಾಗ ಅವರ ಜೊತೆ ಜಗಳಕ್ಕೆ ಬಿದ್ದರೂ ಅಡ್ಡಿಯಿಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಮಾನ್ವಿ ಸೀಮೆಯವರೇ ಆದ ರಾಜಶೇಖರ ನೀರಮಾನ್ವಿ, ಅಮರೇಶ ನುಗಡೋಣಿ ಇಬ್ಬರೂ ಒಳ್ಳೆಯ ಕತೆಗಾರರು. ನುಗಡೋಣಿಯವರ ‘ಸವಾರಿ’ ಕತೆಯನ್ನು ಹಿಡಿದೇ ಗಿರೀಶ ಕಾಸರವಳ್ಳಿ 2010ರಲ್ಲಿ ‘ಕನಸೆಂಬ ಕುದುರೆಯನೇರಿ’ ಸಿನಿಮಾ ಮಾಡಿದರು. ಊರಲ್ಲಿ ಸಾವಾದರೆ ಕುಣಿ ತೋಡುವವನೊಬ್ಬನ ಕನಸಿನ ಸುತ್ತ ಅದು ಸುತ್ತುತ್ತದೆ. ಇಂಥವನನ್ನು ನಿಮ್ಮೂರಿನಲ್ಲೇ ನೋಡಿರುತ್ತೀರಿ, ನೋಡಿಯೂ ದಾಟಿ ಬಂದಿರುತ್ತೀರಿ. ಹೆಂಬೇರಾಳದ ಶಾಂತರಸರು 2006ರ ಬೀದರ ಸಮ್ಮೇಳನದ ಅಧ್ಯಕ್ಷರಾಗಿದ್ದರು ಎಂಬುದು ನಿಮ್ಮ ನೋಟ್ಸಿನಲ್ಲಿರಬಹುದು. ‘ಬಡೇಸಾಬು ಪುರಾಣ’ ಅವರ ಕಥಾಸಂಕಲನ. ತೆರೆದು ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ?

ನೌಕರಿ ಬೇಕು, ನಿಜ. ಮನೆಯಲ್ಲಿ ಅಪ್ಪ ಅವ್ವ ದಾರಿ ಕಾಯುತ್ತಿದ್ದಾರೆ. ಕಾದಂಬರಿ ಓದಿದರೆ ಅಂಕ ಜಾಸ್ತಿ ಬರುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಮಲಗುವ ಮುಂಚೆ ಮೊಬೈಲು ನೋಡುವ ಹೊತ್ತಿನಲ್ಲಿ ಅರ್ಧ ಗಂಟೆ ಬಿಡಿ, ಅಷ್ಟು ಸಾಕು. ಈ ಭಾನುವಾರ ಊರಿಗೆ ಹೋಗುವ ಬಸ್ಸಿನಲ್ಲಿ ನುಗಡೋಣಿಯವರ ಒಂದು ಕತೆ ಓದಿ. ಹಿಡಿಸದಿದ್ದರೆ ಯಾಕೆ ಹಿಡಿಸಲಿಲ್ಲ ಎಂದು ಬರೆದು ತನ್ನಿ, ಕೂತು ಮಾತಾಡೋಣ.